ಸಂಪಾದಕರ ಉತ್ತರ: ಮನೆ ಮುಂದೆ ಸೈಕಲ್ ಪಥ ಬೇಕಾ?

ಪ್ರಿಯ ಓದುಗರೇ, ನಮಸ್ಕಾರ.

ಬೆಂಗಳೂರಿನ ಬಡಾವಣೆಗಳಿಗೂ ಸೈಕಲ್ ಪಥ ಬೇಕು ಅಂತ ಹೋದ ಸಂಚಿಕೆಯಲ್ಲಿ ನಾವು ಬರೆದಿದ್ದು ನಿಮಗೆ ಹಿಡಿಸಿಲ್ಲ. ನಾಲ್ಕು ಪುಟ ತುಂಬಾ ಅದನ್ನೇ ಬರೆದಿದ್ದೀರಿ. ಸಂತೋಷ. ನಿಮ್ಮ ಪತ್ರ ನೋಡದವರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮ್ಮ ಬಡಾವಣೆಯ ಎಂಬತ್ತಡಿ ರಸ್ತೆಯಲ್ಲೂ ಅದಕ್ಕೆ ಸೇರುವ ನಲವತ್ತಡಿ ಮೇನ್‌ಗಳಲ್ಲೂ ಸೈಕಲ್ ಪಟ್ಟಿ ಎಳೆಯುವ ಪ್ರಸ್ತಾಪ ಬಂದಿದೆ. ಪಟ್ಟಿ ಬಂದರೆ ಮನೆ ಮುಂದೆ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ. ಜಯನಗರದಲ್ಲಿ, ಹೊರ ವರ್ತುಲ ರಸ್ತೆಯಲ್ಲಿ ಮಾಡಿದ್ದು ಏನಾಯಿತು ಅಂತ ಎಲ್ಲರೂ ನೋಡಿದ್ದಾರೆ. ಸೈಕಲ್ ಹೊಡೆಯುವವರೇ ಇಲ್ಲ. ಹಾಗಾಗಿ ಅಸೋಸಿಯೇಷನ್‌ನವರು ಮನೆಮನೆಗೆ ತರುತ್ತಿರುವ ಆಕ್ಷೇಪಣೆ ಪತ್ರಕ್ಕೆ ಸಹಿ ಹಾಕಲಾ, ಬೇಡವಾ? ಇದು ನಿಮ್ಮ ಪ್ರಶ್ನೆ.

ಆದರೆ ಕೊನೇ ಪುಟದಲ್ಲಿ ಇನ್ನೊಂದು ಮಾತಿದೆ. ಏಳನೇ ಕ್ಲಾಸಿನ ಮೊಮ್ಮಗಳು ಟ್ಯೂಷನ್‌ಗೆ ಸೈಕಲ್‌ನಲ್ಲಿ ಹೋಗ್ತೀನಿ ಅಂತ ಹಟ ಮಾಡ್ತಾಳೆ, ಒಂದು ಕಿಲೋಮೀಟರ್ ಕೂಡ ಇಲ್ಲ, ಆದರೂ ಭಯ, ಸ್ಕೂಟರಿನಲ್ಲಿ ನಾನೇ ಬಿಟ್ಟು ಬರ್ತೀನಿ ಅಂತ ಬರೆದಿದ್ದೀರಿ. ನಿಮ್ಮ ಭಯ ಸರಿಯಾಗಿಯೇ ಇದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು. ಹೀಗಿರುವಾಗ ಮಗುವನ್ನು ಸೈಕಲ್ ಕೊಟ್ಟು ಕಳಿಸಿ ಅಂತ ನಾನು ಹೇಗೆ ಹೇಳಲಿ? ಹೇಳುವುದಿಲ್ಲ. ಆದರೆ ನಿಮ್ಮ ಬಡಾವಣೆಯಲ್ಲಿ ಸೈಕಲ್ ಯಾಕೆ ಕಾಣುವುದಿಲ್ಲ ಅನ್ನುವುದಕ್ಕೆ ಉತ್ತರವೂ ಇದರಲ್ಲೇ ಇದೆ, ಅಲ್ವಾ? ಆಸೆ ಇರುವ ಹುಡುಗಿಯನ್ನು ನೀವೇ ಮನೆಯಲ್ಲಿ ತಡೆದಿದ್ದೀರಿ. ನಿಮ್ಮ ಬೀದಿಯಲ್ಲಿ ಇನ್ನೂ ಎಷ್ಟು ಮನೆಯವರು ಹಾಗೆ ತಡೆದಿದ್ದಾರೋ, ಅವರನ್ನೆಲ್ಲ ಯಾರೂ ಎಣಿಸಿಲ್ಲ.

ಇನ್ನು, ಯಾರೂ ಇಲ್ಲ ಅನ್ನುವುದೂ ಪೂರ್ತಿ ನಿಜ ಅಲ್ಲ. ಬೆಳಿಗ್ಗೆ ಐದೂವರೆಗೆ ಗೇಟಿನ ಹತ್ತಿರ ನಿಂತು ನೋಡಿ. ಪೇಪರ್ ಹಾಕುವ ಹುಡುಗರು, ರಾತ್ರಿ ಪಾಳಿ ಮುಗಿಸಿದ ಸೆಕ್ಯೂರಿಟಿಯವರು, ಗಾರೆ ಕೆಲಸಕ್ಕೆ ಹೋಗುವವರು. ಅವರು ಸಭೆಗೆ ಬರುವುದಿಲ್ಲ, ಪತ್ರಿಕೆಗೆ ಕಾಗದ ಬರೆಯುವುದೂ ಇಲ್ಲ. 2011ರ ಜನಗಣತಿ ಪ್ರಕಾರ ದೇಶದ ನೂರರಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರವೇ ಸೈಕಲ್ ಕೊಟ್ಟಿತು. ಹಳ್ಳಿಯಲ್ಲಿ ಆ ಸೈಕಲ್ ತುಳಿದು ಹೈಸ್ಕೂಲು ಮುಗಿಸಿದವರು ಈಗ ಇದೇ ಬೆಂಗಳೂರಲ್ಲಿ ಕೆಲಸ ಮಾಡುತ್ತಿದ್ದಾರೆ. ಸೈಕಲ್ ಹೊಡೆಯಲು ಬರುವವರಿಗೆ ಇಲ್ಲಿ ಕೊರತೆ ಇಲ್ಲ.

ಈಗ ನಿಮ್ಮ ಜೊತೆ ನಾನು ಒಪ್ಪುವ ಕಡೆಗೆ ಬರುತ್ತೇನೆ. ಡಾಂಬರಿನ ಮೇಲೆ ಬರೀ ಬಣ್ಣ ಬಳಿದು ಅದನ್ನು ಸೈಕಲ್ ಪಥ ಅಂತ ಕರೆಯುವುದಾದರೆ ನನ್ನದೂ ವಿರೋಧ ಇದೆ. ಜಯನಗರದಲ್ಲಿ ಹತ್ತು ವರ್ಷಕ್ಕೂ ಹಿಂದೆ ಆದದ್ದು ಅದೇ. ಗೆರೆ ಎಳೆದರು, ಸೈಕಲ್ ಚಿತ್ರ ಬಿಡಿಸಿದರು, ಕಾರುಗಳು ಬಂದು ಅದರ ಮೇಲೆ ನಿಂತವು. ಅಂಥ ಗೆರೆ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ. ಯಾಕೆ ಅಂದರೆ, ಆ ಗೆರೆ ನಂಬಿಕೊಂಡು ಹೋಗುವ ಮಗು ನಿಂತ ಕಾರಿಗೆ ತಾಗಿಕೊಂಡೇ ಹೋಗುತ್ತದೆ. ನಮ್ಮಲ್ಲಿ ಕಾರು ಎಡಕ್ಕೆ ನಿಲ್ಲುತ್ತದೆ, ಡ್ರೈವರ್ ಕೂರುವುದು ಬಲಕ್ಕೆ. ಅವನು ಬಾಗಿಲು ತೆಗೆದರೆ ಅದು ಸುಮಾರು ಮೂರಡಿ ರಸ್ತೆಗೆ ಚಾಚುತ್ತದೆ, ಸರಿಯಾಗಿ ಸೈಕಲ್ ಹ್ಯಾಂಡಲ್ ಬರುವ ಜಾಗಕ್ಕೆ. ಮಗು ಬಾಗಿಲಿಗೆ ಹೊಡೆಯುತ್ತದೆ, ಇಲ್ಲವೇ ತಪ್ಪಿಸಿಕೊಳ್ಳಲು ಬಲಕ್ಕೆ ಎಳೆದು ಹಿಂದಿನಿಂದ ಬರುವ ಟೆಂಪೋಗೆ ಸಿಗುತ್ತದೆ. (ಕಾರು ಇರುವವರೆಲ್ಲ ಇಂದಿನಿಂದಲೇ ಒಂದು ಅಭ್ಯಾಸ ಮಾಡಿಕೊಳ್ಳಿ: ಬಾಗಿಲನ್ನು ಎಡಗೈಯಲ್ಲಿ ತೆಗೆಯಿರಿ. ಆಗ ಮೈ ತಾನಾಗಿ ತಿರುಗುತ್ತದೆ, ಕಣ್ಣು ಹಿಂದಕ್ಕೆ ಹೋಗುತ್ತದೆ. ಡಚ್ಚರು ಇದನ್ನು ಡ್ರೈವಿಂಗ್ ಕಲಿಯುವವರಿಗೆ ಹೇಳಿಕೊಡುತ್ತಾರೆ.)

ಹೊರ ವರ್ತುಲ ರಸ್ತೆಯ ಕತೆ ಬೇರೆ. 2020ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಸಿಲ್ಕ್ ಬೋರ್ಡ್ ಕಡೆಯ ಆ ರಸ್ತೆಯಲ್ಲಿ ಕಂಬಗಳನ್ನು ನೆಟ್ಟು ಪಥ ಮಾಡಿಸಿತು. ಪ್ರಯತ್ನ ಒಳ್ಳೆಯದೇ. ಆದರೆ ಆ ಕಂಬಗಳು ಗುದ್ದಿದರೆ ಮುರಿಯುವಂಥವು, ನಡುವಿನ ಸಂದಿಯಲ್ಲಿ ಬೈಕುಗಳು ಧಾರಾಳವಾಗಿ ನುಗ್ಗಿದವು, ಬಸ್ ಸ್ಟಾಪಿಗೆ ಬರುವ ಬಸ್ಸು ಪಥವನ್ನು ದಾಟಿಯೇ ಬರಬೇಕಿತ್ತು. ಅಷ್ಟರಲ್ಲಿ ಮೆಟ್ರೊ ಕೆಲಸ ಶುರುವಾಯಿತು. ಇದರಿಂದ ಕಲಿಯಬೇಕಾದದ್ದು ಬಹಳ ಇದೆ, ಆದರೆ ಸೈಕಲ್ ಪಥವೇ ನಮ್ಮೂರಿಗೆ ಆಗಿಬರುವುದಿಲ್ಲ ಅಂತ ಅದರಿಂದ ತೀರ್ಮಾನ ಮಾಡಲು ಬರುವುದಿಲ್ಲ. ಅಲ್ಲಿ ಪಥ ಇದ್ದದ್ದು ಲಾರಿ, ಬಸ್ಸು ಓಡುವ ಹೆದ್ದಾರಿಯಂಥ ರಸ್ತೆಯಲ್ಲಿ. ನಿಮ್ಮದು ಮನೆಗಳಿರುವ ಬಡಾವಣೆ.

ನಿಮ್ಮ ನಲವತ್ತಡಿ ಮೇನ್‌ಗಳಲ್ಲಿ ಪಥವೇ ಬೇಡ. ಇದು ನನ್ನ ಗಟ್ಟಿ ಅಭಿಪ್ರಾಯ. ನಲವತ್ತಡಿ ಅಂದರೆ ಹನ್ನೆರಡು ಮೀಟರ್, ಅದೂ ಕಾಂಪೌಂಡಿನಿಂದ ಕಾಂಪೌಂಡಿಗೆ. ಎರಡೂ ಕಡೆ ಚರಂಡಿ ಮೇಲಿನ ಚಪ್ಪಡಿ, ಎರಡೂ ಕಡೆ ನಿಂತ ಕಾರು ಕಳೆದರೆ ಉಳಿಯುವ ಜಾಗದಲ್ಲಿ ಯಾರಿಗೆ ಅಂತ ಪ್ರತ್ಯೇಕ ದಾರಿ ಮಾಡುವುದು? ಅಲ್ಲಿ ಮಾಡಬೇಕಾದದ್ದು ವೇಗ ಇಳಿಸುವುದು. ಲೆಕ್ಕ ನೋಡಿ. ಚೆಂಡಿನ ಹಿಂದೆ ಮಗು ಓಡಿ ಬಂತು, ಡ್ರೈವರ್ ನೋಡಿ ಬ್ರೇಕಿಗೆ ಕಾಲು ಹಾಕಲು ಒಂದು ಸೆಕೆಂಡು ಬೇಕು. ಗಂಟೆಗೆ 30 ಕಿ.ಮೀ. ವೇಗದ ಕಾರು ಆ ಒಂದು ಸೆಕೆಂಡಿನಲ್ಲಿ ಎಂಟು ಮೀಟರ್ ಚಿಲ್ಲರೆ ಹೋಗಿರುತ್ತದೆ, ಒಂದು ಥರ್ಟಿ-ಫಾರ್ಟಿ ಸೈಟಿನ ಮುಂಭಾಗಕ್ಕಿಂತ ಸ್ವಲ್ಪ ಕಡಿಮೆ. 50ರಲ್ಲಿ ಸುಮಾರು ಹದಿನಾಲ್ಕು ಮೀಟರ್, ಅಂದರೆ ಒಂದೂವರೆ ಸೈಟು. ಬ್ರೇಕ್ ಹಿಡಿಯುವುದು ಅದಾದ ಮೇಲೆ. ಗುದ್ದುವ ಶಕ್ತಿಯೂ 30ಕ್ಕೆ ಹೋಲಿಸಿದರೆ 50ರಲ್ಲಿ ಹತ್ತಿರ ಹತ್ತಿರ ಮೂರು ಪಟ್ಟು. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಜಾಗತಿಕ ರಸ್ತೆ ಸುರಕ್ಷತೆ ಸಮಾವೇಶದಲ್ಲಿ, ನಡೆಯುವವರು ಮತ್ತು ಸೈಕಲ್‌ನವರು ವಾಹನಗಳ ಜೊತೆ ಬೆರೆಯುವ ಕಡೆ 30ರ ಮಿತಿ ಇರಬೇಕು ಅಂತ ಹೇಳಿದ್ದು ಸುಮ್ನೆ ಅಲ್ಲ.

ಬೋರ್ಡು ನೆಟ್ಟರೆ ಯಾರೂ ನಿಧಾನ ಹೋಗುವುದಿಲ್ಲ ಅಂತೀರಿ. ಹೌದು, ರಸ್ತೆಯೇ ನಿಧಾನ ಮಾಡಿಸಬೇಕು. ಅದಕ್ಕೆ ಹಂಪ್ ಬೇಕು, ಆದರೆ ನಮ್ಮ ಬೀದಿಗಳಲ್ಲಿ ಇರುವಂಥದ್ದಲ್ಲ. ರಸ್ತೆ ಹೇಗಿರಬೇಕು ಅಂತ ಮಾನದಂಡ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್, ವಾಹನ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ಹತ್ತು ಸೆಂಟಿಮೀಟರ್ ಎತ್ತರ. ಅದರ ಮೇಲೆ ಇಪ್ಪತ್ತೈದರ ವೇಗದಲ್ಲಿ ಹೋದರೆ ಏನೂ ಆಗುವುದಿಲ್ಲ, ಜೋರಾಗಿ ಹೋದರೆ ಮಾತ್ರ ಎತ್ತಿ ಹಾಕುತ್ತದೆ. ನಾವು ರಾತ್ರೋರಾತ್ರಿ ಹಾಕಿಸಿಕೊಳ್ಳುವುದು ಗೇಣಗಲದ ದಿಬ್ಬ. ಅದು ಸೈಕಲ್‌ನವರನ್ನು ಬೀಳಿಸುತ್ತದೆ, ವಯಸ್ಸಾದವರ ಸೊಂಟ ಮುರಿಯುತ್ತದೆ, ಎಸ್‌ಯುವಿಗೆ ಗೊತ್ತೇ ಆಗುವುದಿಲ್ಲ.

ಇನ್ನೊಂದು ಕೆಲಸ, ಅಡ್ಡದಾರಿ ಹಿಡಿದು ಬರುವ ವಾಹನ ತಡೆಯುವುದು. ಸಿಗ್ನಲ್ ತಪ್ಪಿಸಲು ಮೊಬೈಲ್ ಮ್ಯಾಪ್ ನೋಡಿಕೊಂಡು ನಿಮ್ಮ ಬಡಾವಣೆಯೊಳಗೆ ನುಗ್ಗುವ ಕಾರುಗಳ ಬಗ್ಗೆ ನೀವೇ ಒಂದು ಪುಟ ಬರೆದಿದ್ದೀರಿ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ಪಕ್ಕದಲ್ಲಿ ಹೌಟನ್ ಅಂತ ಒಂದು ಹೊರವಲಯದ ಊರಿದೆ, ಐವತ್ತು ಸಾವಿರದಷ್ಟು ಜನ. ಅಲ್ಲಿ ಒಂದು ಬಡಾವಣೆಯಿಂದ ಪಕ್ಕದ ಬಡಾವಣೆಗೆ ಕಾರಿನಲ್ಲಿ ನೇರ ಹೋಗಲು ಬಿಡುವುದಿಲ್ಲ, ಹೊರಗಿನ ವರ್ತುಲ ರಸ್ತೆಗೆ ಹೋಗಿ ಸುತ್ತಿ ಬರಬೇಕು. ಸೈಕಲ್ ಮತ್ತು ಕಾಲ್ನಡಿಗೆಗೆ ನೇರ ದಾರಿ. ಕಾರು ಇಟ್ಟುಕೊಳ್ಳಬೇಡಿ ಅಂತ ಅಲ್ಲಿ ಯಾರೂ ಹೇಳಲಿಲ್ಲ, ಎಲ್ಲರ ಮನೆಗೂ ಕಾರು ಹೋಗುತ್ತದೆ. ನಿಮ್ಮಲ್ಲೂ ಎರಡು ಮೂರು ಕ್ರಾಸಿನ ನಡುವೆ ಗಿಡದ ದೊಡ್ಡ ಕಾಂಕ್ರೀಟ್ ತೊಟ್ಟಿ ಇಟ್ಟರೆ ಅಡ್ಡದಾರಿಯವರು ಬರುವುದು ನಿಲ್ಲುತ್ತದೆ. ಅಗ್ನಿಶಾಮಕ ವಾಹನಕ್ಕೆ, ಆಂಬುಲೆನ್ಸ್‌ಗೆ ದಾರಿ ಇರುವ ಹಾಗೆ ಜಾಗ ಆರಿಸಬೇಕು, ಅಷ್ಟೇ.

ಆ ದೇಶದವರು ಹುಟ್ಟಾ ಹೀಗಿದ್ದರು ಅಂದುಕೊಳ್ಳಬೇಡಿ. 1971ರಲ್ಲಿ ಅಲ್ಲಿ ಸುಮಾರು 3,300 ಮಂದಿ ರಸ್ತೆಯಲ್ಲಿ ಸತ್ತರು. ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಕ್ಕಳ ಕೊಲೆ ನಿಲ್ಲಿಸಿ ಅಂತ ಅಪ್ಪ ಅಮ್ಮಂದಿರು ಬೀದಿಗಿಳಿದರು. ಅದೇ ಹೆಸರಿನ ಚಳವಳಿ ಬೆಳೆಯಿತು, ಅಷ್ಟರಲ್ಲಿ 1973ರ ತೈಲ ಬಿಕ್ಕಟ್ಟೂ ಬಂತು, ಸರ್ಕಾರ ದಾರಿ ಬದಲಿಸಿತು. ಅದಕ್ಕೂ ಮೊದಲು ಅಲ್ಲೂ ಕಾರಿಗೆ ಜಾಗ ಮಾಡಲು ಚೌಕಗಳನ್ನು, ಹಳೇ ಬೀದಿಗಳನ್ನು ಬಿಟ್ಟುಕೊಟ್ಟಿದ್ದರು.

ಪಥ ನಿಜವಾಗಿ ಬೇಕಿರುವುದು ನಿಮ್ಮ ಎಂಬತ್ತಡಿ ರಸ್ತೆಗೆ. ಅಲ್ಲಿ ಬಿಎಂಟಿಸಿ ಬಸ್ಸು ಓಡುತ್ತದೆ, ನೀರಿನ ಟ್ಯಾಂಕರ್ ಓಡುತ್ತದೆ. ಅವುಗಳ ಜೊತೆ ಮಗುವನ್ನು ಬೆರೆಸಲಾಗದು. ಪಾರ್ಕಿಂಗ್ ಹೋಗುತ್ತದೆ ಅನ್ನುವ ನಿಮ್ಮ ಭಯಕ್ಕೂ ಉತ್ತರ ಇಲ್ಲೇ ಇದೆ. ಪಥವನ್ನು ಫುಟ್‌ಪಾತಿನ ಪಕ್ಕಕ್ಕೆ, ರಸ್ತೆಗಿಂತ ಎತ್ತರದಲ್ಲಿ ಮಾಡಿ. ಅದರ ಆಚೆ, ರಸ್ತೆ ಕಡೆಗೆ ಕಾರು ನಿಲ್ಲಲಿ. ನಡುವೆ ಬಾಗಿಲು ತೆರೆಯುವಷ್ಟು ಜಾಗ ಬಿಡಿ. ಆಗ ನಿಂತ ಕಾರೇ ಸೈಕಲ್‌ಗೆ ತಡೆಗೋಡೆ. ಕೆಲವು ಕಾರುಗಳ ಜಾಗ ಖಂಡಿತ ಹೋಗುತ್ತದೆ, ಪ್ರತಿ ಕ್ರಾಸಿನ ಮೂಲೆಯಲ್ಲಿ ಒಂದು ಕಾರಿನುದ್ದ ಖಾಲಿ ಇರಲೇಬೇಕು, ಇಲ್ಲದಿದ್ದರೆ ಕ್ರಾಸಿನಿಂದ ಬರುವವನಿಗೆ ಸೈಕಲ್ ಕಾಣುವುದಿಲ್ಲ. ಅದನ್ನು ನಾನು ಮುಚ್ಚಿಡುವುದಿಲ್ಲ. ಆ ಮೂಲೆಯಲ್ಲಿ ಕಾರು ನಿಲ್ಲಿಸುವುದು ಈಗಲೂ ತಪ್ಪೇ.

ಈ ಮೂಲೆಗಳ ಬಗ್ಗೆಯೇ ನನಗೆ ಜಾಸ್ತಿ ಚಿಂತೆ. ನಮ್ಮ ಬಡಾವಣೆಗಳಲ್ಲಿ ನಾಲ್ಕು ಹೆಜ್ಜೆಗೊಂದು ಕ್ರಾಸು. ಪಥ ಎಷ್ಟೇ ಚೆನ್ನಾಗಿದ್ದರೂ ಪ್ರತಿ ಕ್ರಾಸಿನಲ್ಲಿ ಇಳಿದು, ಮಾಯವಾಗಿ, ಮತ್ತೆ ಹತ್ತಿದರೆ ಪ್ರಯೋಜನ ಇಲ್ಲ. ಅಪಘಾತ ಆಗುವುದೂ ಅಲ್ಲೇ. ಹಾಗಾಗಿ ಕ್ರಾಸಿನಲ್ಲಿ ಪಥ ಅದೇ ಎತ್ತರದಲ್ಲಿ ಮುಂದುವರಿಯಬೇಕು, ಕಾರು ಹತ್ತಿ ಇಳಿಯಬೇಕು. ಮೂಲೆಯ ಕಲ್ಲಿನ ತಿರುವು ದೊಡ್ಡದಾಗಿದ್ದರೆ ಕಾರು ವೇಗ ಇಳಿಸದೇ ಎಡಕ್ಕೆ ತಿರುಗುತ್ತದೆ. ಅದನ್ನು ಬಿಗಿ ಮಾಡಿದರೆ ಬ್ರೇಕ್ ಒತ್ತಲೇಬೇಕು. ದುಡ್ಡು ಉಳಿಸಲು ಒಂದೇ ಕಡೆ ಎರಡೂ ದಿಕ್ಕಿನ ಪಥ ಮಾಡ್ತೀವಿ ಅಂತ ಎಂಜಿನಿಯರ್ ಹೇಳಿದರೆ ಒಪ್ಪಬೇಡಿ. ಕ್ರಾಸಿನಿಂದ ಎಡಕ್ಕೆ ತಿರುಗುವ ಡ್ರೈವರ್ ನೋಡುವುದು ಬಲಕ್ಕೆ ಮಾತ್ರ, ಎಡಗಡೆಯಿಂದ ಬರುವ ಸೈಕಲ್ ಅವನ ಲೆಕ್ಕದಲ್ಲೇ ಇರುವುದಿಲ್ಲ. ಎರಡೂ ಬದಿಗೆ ಒಂದೊಂದು ದಿಕ್ಕಿನದು ಇರಲಿ. ಮಳೆನೀರಿನ ಜಾಲರಿಯ ಸರಳು ರಸ್ತೆಗೆ ಅಡ್ಡಲಾಗಿರಬೇಕು. ಉದ್ದಕ್ಕಿದ್ದರೆ ಸೈಕಲ್ ಚಕ್ರ ಅದರೊಳಗೆ ಇಳಿದು ಮುಂದಿನ ಕ್ಷಣ ಮಗು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರಿರುತ್ತದೆ.

ಬೈಕಿನವರು ಪಥಕ್ಕೆ ನುಗ್ಗುತ್ತಾರೆ ಅಂತ ಬರೆದಿದ್ದೀರಿ. ನುಗ್ಗುತ್ತಾರೆ. ಸೈಕಲ್ ಹೋಗುವ ಸಂದಿಯಲ್ಲಿ ಸ್ಕೂಟರೂ ಹೋಗುತ್ತದೆ, ಗಾಲಿಕುರ್ಚಿಗೂ ದಾರಿ ಬಿಡಲೇಬೇಕು, ಹಾಗಾಗಿ ಕಂಬದಿಂದ ಮಾತ್ರ ಇದು ಬಗೆಹರಿಯುವುದಿಲ್ಲ. ಎತ್ತರಿಸಿದ ಪಥ, ಕ್ರಾಸಿಗೊಂದು ಏರು, ಸಂಜೆ ಹೊತ್ತು ಟ್ರಾಫಿಕ್ ಪೊಲೀಸರ ದಂಡ ಮೂರೂ ಸೇರಿದರೆ ಕಡಿಮೆಯಾಗುತ್ತದೆ.

ಈಗ ಸಹಿ ವಿಷಯ. ಆ ಪತ್ರ ಇರುವ ಹಾಗೆ ಸಹಿ ಹಾಕಬೇಡಿ. ಅದರಲ್ಲಿ ಬೇಡ ಅನ್ನುವ ಒಂದೇ ಮಾತಿದೆ, ಅದನ್ನು ಕೊಟ್ಟರೆ ಪಾಲಿಕೆಗೂ ಒಳ್ಳೇ ನೆಪ, ನಿಮ್ಮ ರಸ್ತೆ ಈಗಿರುವ ಹಾಗೇ ಉಳಿಯುತ್ತದೆ. ಇನ್ನೊಂದು ಪತ್ರ ನೀವೇ ಬರೆಯಿರಿ: ಬಣ್ಣದ ಪಟ್ಟಿ ಬೇಡ, ಒಳರಸ್ತೆಗಳಿಗೆ ಸರಿಯಾದ ಹಂಪ್ ಮತ್ತು ತೊಟ್ಟಿ ಕೊಡಿ, ಎಂಬತ್ತಡಿ ರಸ್ತೆಗೆ ಎತ್ತರಿಸಿದ ಪಥ ಕೊಡಿ, ಮೊದಲು ಕ್ರಾಸಿನ ನಕ್ಷೆ ತೋರಿಸಿ ಆಮೇಲೆ ಟೆಂಡರ್ ಕರೆಯಿರಿ. ಸಭೆಗೆ ಸೆಕ್ಯೂರಿಟಿಯವರನ್ನೂ ಪೇಪರ್ ಹುಡುಗರನ್ನೂ ಕರೆಯಿರಿ, ಯಾವ ಮೂಲೆ ಅಪಾಯ ಅಂತ ಅವರಿಗೆ ಎಂಜಿನಿಯರಿಗಿಂತ ಚೆನ್ನಾಗಿ ಗೊತ್ತು. ಮತ್ತೆ, ಇದೆಲ್ಲ ಡಾಂಬರು ಹಾಕುವ ಮೊದಲೇ ಆಗಬೇಕು. ಹೊಸ ಡಾಂಬರು ಬಿದ್ದ ಮೇಲೆ ಮೂಲೆ ತಿದ್ದಲು ಅದನ್ನು ಅಗೆಯಲು ಯಾರೂ ಒಪ್ಪುವುದಿಲ್ಲ.

ಸಂಪಾದಕ