ಕುಡಿತದ ಚಟ ಇರುವವರು ಆಸ್ಪತ್ರೆಯಲ್ಲಿ ನರ್ಸ್‌ಗಳಿಂದ ಅದನ್ನು ಯಾಕೆ ಮುಚ್ಚಿಡುತ್ತಾರೆ?

ಮುಖ್ಯ ಕಾರಣ ಅವಮಾನದ ಭಯ. ಕಾಲು ಮುರಿದು ವಾರ್ಡಿಗೆ ಸೇರಿದವರಿಗೆ ‘ಕುಡುಕ’ ಎಂಬ ಹಣೆಪಟ್ಟಿ ಬಿದ್ದರೆ, ನೋವಿನ ಮಾತ್ರೆ ಕೇಳಿದರೂ ನಾಟಕ ಅಂದುಕೊಳ್ಳುತ್ತಾರೆ, ಕರೆದರೂ ತಡವಾಗಿ ಬರುತ್ತಾರೆ ಎಂಬ ಅಂಜಿಕೆ. ಎಷ್ಟೋ ಜನರಿಗೆ ಇದು ಹಿಂದೆ ಆಗಿರುವ ಅನುಭವವೇ.

ಆದರೆ ಮುಚ್ಚಿಟ್ಟರೆ ಪ್ರಾಣಕ್ಕೇ ಕುತ್ತು. ದಿನವೂ ವಿಪರೀತ ಕುಡಿಯುವವರ ಮಿದುಳು ಮದ್ಯದ ಮಂಪರನ್ನು ಎದುರಿಸಲು ಸದಾ ಉದ್ರೇಕದ ಸ್ಥಿತಿಯಲ್ಲಿರಲು ಒಗ್ಗಿಕೊಂಡಿರುತ್ತದೆ. ಅಡ್ಮಿಟ್ ಆದಾಗ ಮದ್ಯ ದಿಢೀರನೆ ನಿಲ್ಲುತ್ತದೆ, ಉದ್ರೇಕ ಮಾತ್ರ ಉಳಿಯುತ್ತದೆ. ಕೊನೆಯ ಬಾರಿ ಕುಡಿದ ಸುಮಾರು 6 ಗಂಟೆಗಳಿಂದ ಕೈನಡುಕ, ಬೆವರು ಶುರು. ಮೊದಲ 2 ದಿನಗಳಲ್ಲಿ ಫಿಟ್ಸ್ ಬರಬಹುದು. ಕೆಲವರಿಗೆ 2–3ನೇ ದಿನ ‘ಡೆಲಿರಿಯಂ ಟ್ರೆಮೆನ್ಸ್’, ಅಂದರೆ ತೀವ್ರ ಗೊಂದಲ, ಇಲ್ಲದ್ದು ಕಾಣುವುದು. ಇದನ್ನೇ ರಂಪಾಟವೆಂದು ತಿಳಿದು ಕೈಕಾಲು ಕಟ್ಟಿಹಾಕುವುದುಂಟು. ಮೊದಲೇ ಗೊತ್ತಿದ್ದರೆ ಔಷಧಿಯಿಂದ ಬಹುಮಟ್ಟಿಗೆ ತಡೆಯಬಹುದಾದ ಸ್ಥಿತಿ ಇದು.

ಹಾಗಾಗಿ ನರ್ಸ್ ಕೇಳುವ ರೀತಿ ಬಹಳ ಮುಖ್ಯ. ನೆಂಟರ ಮುಂದೆ “ಕುಡೀತೀರಾ?” ಎಂದು ಗದರಿದರೆ “ಇಲ್ಲ ಸಿಸ್ಟರ್” ಎಂಬ ಉತ್ತರವೇ ಬರುತ್ತದೆ. ಒಬ್ಬರೇ ಇದ್ದಾಗ “ಕೊನೇ ಸಲ ಯಾವಾಗ ತಗೊಂಡ್ರಿ? ನಡುಕ ಬರದ ಹಾಗೆ ಔಷಧಿ ಕೊಡಬೇಕು” ಅಂದರೆ ನಿಜ ಹೇಳುವ ಸಾಧ್ಯತೆ ಹೆಚ್ಚು.