ಹಳೇ ಕಾರಿನ ನೆತ್ತಿಗೆ ತೂತು ಯಾಕೆ?

ಪ್ರಶ್ನೆ: ನನ್ನ ಹತ್ತಿರ 2011ರ ಸಣ್ಣ ಕಾರಿದೆ. ಎಂಜಿನ್ ಗಟ್ಟಿಯಾಗಿದೆ, ಮಾರುವ ಮನಸ್ಸಿಲ್ಲ. ಮಕ್ಕಳು ಸನ್‌ರೂಫ್ ಬೇಕು ಅಂತ ಹಟ ಹಿಡಿದಿದ್ದಾರೆ. ಬೆಂಗಳೂರಿನ ಅಂಗಡಿಯವರೊಬ್ಬರು ಒಂದೇ ದಿನದಲ್ಲಿ ಹಾಕಿಕೊಡುತ್ತೇವೆ, ಒಂದು ಹನಿ ನೀರೂ ಒಳಗೆ ಬರಲ್ಲ ಎಂದಿದ್ದಾರೆ. ಹಾಕಿಸಬಹುದಾ? (ಓದುಗರು, ಸಕಲೇಶಪುರ)

ಉತ್ತರ: ಸಕಲೇಶಪುರದಲ್ಲಿದ್ದುಕೊಂಡು ಕಾರಿನ ಮಾಡು ಕೊರೆಸಲು ಹೊರಟಿದ್ದೀರಲ್ಲ, ನಿಮ್ಮ ಧೈರ್ಯ ದೊಡ್ಡದು. ಇದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಬರುತ್ತಲೇ ಇದೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಆ ‘ಒಂದು ಹನಿ’ ಮಾತು. ಕಂಪನಿಯಲ್ಲೇ ಕೂರಿಸಿದ ಸನ್‌ರೂಫ್‌ನಲ್ಲೂ ನೀರು ಗಾಜಿನ ಅಂಚು ದಾಟಿ ಬರುತ್ತದೆ. ರಬ್ಬರ್ ಬೀಡಿಂಗ್ ಜಾಸ್ತಿ ನೀರನ್ನು ತಡೆಯುತ್ತದೆ, ಪೂರ್ತಿ ಅಲ್ಲ. ಉಳಿದ ನೀರಿಗಾಗಿ ಗಾಜಿನ ಸುತ್ತ ಒಂದು ತೋಡು ಇರುತ್ತದೆ. ಹಂಚಿನ ಮನೆಗೆ ದೋಣಿ ಕಟ್ಟುತ್ತೀರಲ್ಲ, ಹಾಗೆ. ಅದರ ಮೂಲೆಗಳಿಂದ ಸಣ್ಣ ಪೈಪುಗಳು ಮುಂದಿನ ಮತ್ತು ಹಿಂದಿನ ಪಿಲ್ಲರ್‌ಗಳ, ಅಂದರೆ ಮಾಡನ್ನು ಹೊತ್ತ ಕಂಬಗಳ ಒಳಗೆ ಇಳಿದು ನೀರನ್ನು ಕಾರಿನ ಹೊರಗೆ ಬಿಡುತ್ತವೆ. ಹಾಗಾಗಿ ಅಂಗಡಿಯವರನ್ನು ಲೀಕ್ ಆಗುತ್ತಾ ಅಂತ ಕೇಳಬೇಡಿ. ‘ಪೈಪು ಎಲ್ಲಿಂದ ಹೊರಗೆ ಬರುತ್ತೆ, ಬೆರಳಿಟ್ಟು ತೋರಿಸಿ’ ಅಂತ ಕೇಳಿ. ಮುಕ್ಕಾಲು ಜನ ಅಲ್ಲೇ ಮಾತು ಬದಲಿಸುತ್ತಾರೆ.

ನನ್ನ ಗ್ಯಾರೇಜಿಗೆ ಒಮ್ಮೆ ಇಂಥದ್ದೇ ಕಾರು ಬಂದಿತ್ತು. ದೂರು ಏನಪ್ಪಾ ಅಂದರೆ, ಬ್ರೇಕ್ ಹಾಕಿದಾಗ ಕೊಡ ತುಳುಕಿದ ಹಾಗೆ ಸದ್ದು. ಬಾಗಿಲ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದೆ, ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಹಿಂದೆಯೇ ಕೆಂಪು ನೀರು ಸುರಿಯಿತು. ಸನ್‌ರೂಫ್ ಹಾಕಿದವನು ಪೈಪುಗಳನ್ನು ಪಿಲ್ಲರ್ ಒಳಗೆ ತೂರಿಸಿ ಅಲ್ಲೇ ಬಿಟ್ಟಿದ್ದ! ಎರಡು ಮಳೆಗಾಲದ ನೀರು ಒಳಗೊಳಗೇ ಇಳಿದು ತಗಡನ್ನು ತಿಂದಿತ್ತು. ಮಾಲೀಕರು ಪಾಪ, ಸೀಟಿನ ಮೇಲೆ ಒಂದು ಹನಿಯೂ ಬಿದ್ದಿಲ್ಲ ಅಂತ ಖುಷಿಯಾಗಿದ್ದರು.

ಪೈಪಿನ ತಲೆನೋವೇ ಬೇಡ ಅಂತ ಪಾಪ್-ಅಪ್ ತೋರಿಸುತ್ತಾರೆ. ಗಾಜಿನ ಹಿಂಬದಿ ಸ್ವಲ್ಪ ಮೇಲೆದ್ದು ನಿಲ್ಲುತ್ತದಲ್ಲ, ಅದು. ಅಲ್ಲಿ ನೀರು ನಿಲ್ಲಿಸುವುದು ಬರೀ ರಬ್ಬರ್. ಬಿಸಿಲಿಗೆ ರಬ್ಬರ್ ಗಟ್ಟಿಯಾದ ದಿನ ಆಟ ಮುಗಿಯಿತು. ಇನ್ನು ಗಾಜು ಮಾಡಿಗೂ ಒಳಗಿನ ಲೈನಿಂಗ್‌ಗೂ ನಡುವೆ ಜಾರುವ ಸನ್‌ರೂಫ್ ಸಣ್ಣ ಕಾರಿಗೆ ಹಾಕಿದರೆ, ಎತ್ತರದವರ ತಲೆ ತಾಗುತ್ತದೆ.

ನನಗೆ ನೀರಿಗಿಂತ ದೊಡ್ಡ ಚಿಂತೆ ತಗಡಿನದು. ಕಾರಿನ ಮಾಡು ಬರೀ ಮುಚ್ಚಳ ಅಲ್ಲ. ಅದರ ಕೆಳಗೆ ಎಡದಿಂದ ಬಲಕ್ಕೆ ಅಡ್ಡಪಟ್ಟಿಗಳಿವೆ. ಕಾರು ಪಲ್ಟಿಯಾದರೆ, ಪಕ್ಕದಿಂದ ಗುದ್ದಿದರೆ, ಭಾರ ಹೊರುವುದರಲ್ಲಿ ಅವುಗಳದೂ ಪಾಲಿದೆ. ಸನ್‌ರೂಫ್ ಬರುವ ಮಾಡೆಲ್‌ಗೆ ಕಂಪನಿಯವರು ಮಾಡಿನ ತಗಡನ್ನೇ ಬೇರೆ ಮಾಡುತ್ತಾರೆ, ತೂತಿನ ಸುತ್ತ ಗಟ್ಟಿ ಫ್ರೇಮ್ ಕೊಡುತ್ತಾರೆ. ಅಂಗಡಿಯವನು ಏನು ಮಾಡುತ್ತಾನೆ? ಗಾಜು ದೊಡ್ಡದು ಬೇಕಂದರೆ ಪಟ್ಟಿಯನ್ನೇ ಕತ್ತರಿಸುತ್ತಾನೆ. ಕೇಳಿದರೆ ‘ಅದು ಸುಮ್ನೆ ಇರೋದು ಸಾರ್’ ಅನ್ನುತ್ತಾನೆ. ಕಾರು ಕಂಪನಿಯವರು ಸುಮ್ನೆ ಇರಲಿ ಅಂತ ಒಂದು ನಟ್ಟನ್ನೂ ಹಾಕುವವರಲ್ಲ ಕಣ್ರೀ, ಅವರ ಜಿಪುಣತನ ನನಗೆ ಗೊತ್ತು.

ಕೊರೆಯುವ ಕೆಲಸವೂ ಒಂದು ಕಥೆ. ಗ್ರೈಂಡರ್ ಹಿಡಿದರೆ ಕಿಡಿ ಹಾರಿ ಬಣ್ಣ ಸುಡುತ್ತದೆ, ವಿಂಡ್‌ಶೀಲ್ಡ್ ಗಾಜಿಗೂ ಕಚ್ಚಿಕೊಳ್ಳುತ್ತದೆ. ಜಿಗ್‌ಸಾ ಗರಗಸ ಆದರೂ ಕತ್ತರಿಸಿದ ಅಂಚು ಬರಿ ಕಬ್ಬಿಣ. ಅದನ್ನು ಅರದಿಂದ ಉಜ್ಜಿ, ಪ್ರೈಮರ್ ಹೊಡೆದು, ಒಣಗಲು ಬಿಟ್ಟು, ಆಮೇಲೆ ಬಣ್ಣ ಹಚ್ಚಬೇಕು. ಒಂದೇ ದಿನದಲ್ಲಿ ಕಾರು ಕೊಡುತ್ತೇನೆ ಅನ್ನುವವನು ಇದರಲ್ಲಿ ಯಾವುದನ್ನು ಬಿಡುತ್ತಾನೆ ಅಂತ ನೀವೇ ಊಹಿಸಿ. ಮೊದಲೇ ಹದಿನೈದು ವರ್ಷದ ಕಾರು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದರು. ಶಿಕ್ಷೆ ಮಾಲೀಕರಿಗೆ, ಅಂದರೆ ನಿಮಗೆ. ‘ಆರ್‌ಸಿಯಲ್ಲಿ ಸನ್‌ರೂಫ್ ಅನ್ನೋ ಕಾಲಂ ಇಲ್ಲ, ಯಾರೂ ಕೇಳಲ್ಲ’ ಅಂತ ಅಂಗಡಿಯವರು ಹೇಳುತ್ತಾರೆ. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಿಸಲು ಕಾರನ್ನು ಆರ್‌ಟಿಒಗೆ ಒಯ್ದು ತೋರಿಸಬೇಕು. ಇನ್‌ಸ್ಪೆಕ್ಟರ್ ಮಾಡಿನ ಕಡೆ ನೋಡಿದಾಗ ಆ ಅಂಗಡಿಯವರು ನಿಮ್ಮ ಪಕ್ಕದಲ್ಲಿ ಇರುತ್ತಾರಾ? ಅಪಘಾತವಾದರೆ ವಿಮೆಯವರಿಗೂ ತಕರಾರು ತೆಗೆಯಲು ಒಂದು ನೆಪ ಸಿಕ್ಕಿತು.

ನಾನಂತೂ ಇಂಥ ಕೆಲಸ ಮುಟ್ಟುವುದಿಲ್ಲ. ಸ್ವಲ್ಪ ಜಾಸ್ತಿಯೇ ಹೆದರುತ್ತೇನೆ ಅನ್ನುವವರಿದ್ದಾರೆ, ಇರಲಿ. ಮಕ್ಕಳ ಆಸೆ ಅಷ್ಟೊಂದಿದ್ದರೆ ಈ ಕಾರು ಕೊಟ್ಟು, ಕಂಪನಿಯಿಂದಲೇ ಸನ್‌ರೂಫ್ ಬಂದ ಸೆಕೆಂಡ್ ಹ್ಯಾಂಡ್ ಕಾರು ನೋಡಿ.

ಪ್ರಶ್ನೆ: ಸನ್‌ರೂಫ್‌ಗೂ ಮೂನ್‌ರೂಫ್‌ಗೂ ಏನು ವ್ಯತ್ಯಾಸ? (ದಾವಣಗೆರೆ)

ಉತ್ತರ: ಮೊದಲೆಲ್ಲ ಜಾರುವ ಮಾಡು ತಗಡಿನದೇ ಇರುತ್ತಿತ್ತು. 1973ರಲ್ಲಿ ಅಮೆರಿಕದ ಲಿಂಕನ್ ಕಾರಿಗೆ ಗಾಜಿನದು ಹಾಕಿ, ಮಾರಾಟಕ್ಕೆ ಚೆಂದ ಅಂತ ಮೂನ್‌ರೂಫ್ ಎಂದು ಹೆಸರಿಟ್ಟರು. ಅಷ್ಟೇ.

ಪ್ರಶ್ನೆ: ಕಂಪನಿಯ ಸನ್‌ರೂಫ್ ಸೋರುತ್ತಿದೆ. ಸುತ್ತ ಸಿಲಿಕಾನ್ ಹಾಕಿಸಲಾ? (ಶಿವಮೊಗ್ಗ)

ಉತ್ತರ: ಬೇಡ. ಪೈಪಿನಲ್ಲಿ ಎಲೆ, ಮಣ್ಣು ಕಟ್ಟಿರುತ್ತದೆ. ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ ಮೆಲ್ಲಗೆ ತೂರಿಸಿ ಬಿಡಿಸಿ. ಕಂಪ್ರೆಸರ್ ಗಾಳಿ ಜೋರಾಗಿ ಹೊಡೆದರೆ ಪೈಪೇ ಕಳಚಿಕೊಳ್ಳುತ್ತದೆ.

ಪ್ರಶ್ನೆ: ಮದುವೆ ದಿಬ್ಬಣದಲ್ಲಿ ಮಗುವನ್ನು ಸನ್‌ರೂಫ್‌ನಿಂದ ನಿಲ್ಲಿಸಬಹುದಾ? (ಮೈಸೂರು)

ಉತ್ತರ: ಒಂದು ಬ್ರೇಕ್ ಸಾಕು. ಇಂಥದ್ದನ್ನು ಇನ್ನು ಕೇಳಬೇಡಿ.

ಪ್ರಶ್ನೆ: ಮಾಡಿಗೆ ಕಪ್ಪು ಹೊಳೆಯುವ ಸ್ಟಿಕರ್ ಅಂಟಿಸಿದರೆ ಸನ್‌ರೂಫ್ ತರಹ ಕಾಣುತ್ತಂತೆ, ಹೌದಾ? (ರಾಯಚೂರು)

ಉತ್ತರ: ದೂರದಿಂದ ಕಾಣುತ್ತದೆ. ಅಂಟಿಸಿ, ತೂತಂತೂ ಆಗಲ್ಲ. ರಾಯಚೂರಿನ ಬಿಸಿಲಿಗೆ ಮಾಡು ಇನ್ನಷ್ಟು ಕಾಯುತ್ತದೆ, ನೆರಳಲ್ಲಿ ನಿಲ್ಲಿಸಿ.