ಓದುಗರ ಪ್ರಶ್ನೆ: ಬೀರುವಿನೊಳಗಿನ ಪುಸ್ತಕ ಮಕ್ಕಳ ಕೈಗೆ ಬರುವುದು ಹೇಗೆ?

ಪ್ರಶ್ನೆ: ನಮ್ಮ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುನ್ನೂರರಷ್ಟು ಕಥೆಪುಸ್ತಕಗಳಿವೆ. ಎಲ್ಲವೂ ಆಫೀಸ್ ರೂಮಿನ ಬೀರುವಿನಲ್ಲಿವೆ. ಐದನೇ ತರಗತಿಯ ಅರ್ಧದಷ್ಟು ಮಕ್ಕಳು ಇನ್ನೂ ಅಕ್ಷರ ಕೂಡಿಸಿ ಓದುತ್ತಾರೆ. ಹಲವರ ಮನೆಮಾತು ತೆಲುಗು. ಎಲ್ಲಿಂದ ಶುರು ಮಾಡಲಿ?
– ಸಹಶಿಕ್ಷಕಿ, ಚಳ್ಳಕೆರೆ ತಾಲ್ಲೂಕು

ಉತ್ತರ: ಪುಸ್ತಕ ವಿಂಗಡಿಸುವುದರಿಂದ ಶುರು ಮಾಡಿ, ಮೇಡಂ. ಎಲ್ಲವನ್ನೂ ಹೊರಗೆ ತೆಗೆದು ಮೂರು ಗುಂಪು ಮಾಡಿ. ಪುಟಕ್ಕೆ ದೊಡ್ಡ ಚಿತ್ರ, ಒಂದೆರಡು ಸಾಲು ಇದ್ದರೆ ಕೆಂಪು. ನಾಲ್ಕರಿಂದ ಎಂಟು ಸಾಲಿದ್ದರೆ ಹಳದಿ. ಪ್ಯಾರಾಗಳೇ ತುಂಬಿದ್ದರೆ ಹಸಿರು. ಬೆನ್ನಿನ ಕೆಳತುದಿಗೆ ಆಯಾ ಬಣ್ಣದ ಟೇಪ್ ಅಂಟಿಸಿ. ಆದರೆ ಸಾಲು ಎಣಿಸಿದರಷ್ಟೇ ಸಾಲದು. ಕನ್ನಡದಲ್ಲಿ ಮಕ್ಕಳು ಎಡವುವ ಜಾಗಗಳು ಬೇರೆಯೇ ಇವೆ: 'ರಾಷ್ಟ್ರ'ದಂಥ ಎರಡೆರಡು ಒತ್ತು; ಬರೆಯುವಾಗ ಅಕ್ಷರದ ನಂತರ, ಉಚ್ಚರಿಸುವಾಗ ಅದಕ್ಕಿಂತ ಮೊದಲು ಬರುವ ಅರ್ಕಾವತ್ತು; 'ಹೋಗಬೇಕಾಗಿತ್ತೆಂದು' ಎಂಬಂಥ ಉದ್ದನೆಯ ಪದ. ಅದೇ ಪದ ಸಾಲಿನ ಕೊನೆಯಲ್ಲಿ ತುಂಡಾಗಿ ಮುಂದಿನ ಸಾಲಿಗೆ ಹೋದರೆ ಮಗು ಅಲ್ಲೇ ನಿಂತುಬಿಡುತ್ತದೆ. ಇಂಥವು ಹೆಚ್ಚಿದ್ದರೆ ಪುಸ್ತಕ ತೆಳುವಾಗಿದ್ದರೂ ಒಂದು ಹಂತ ಮೇಲಕ್ಕೆ ಹಾಕಿ.

ಆಮೇಲೆ ಪ್ರತಿ ಮಗುವಿನಿಂದ ಒಂದು ಪುಟ ಜೋರಾಗಿ ಓದಿಸಿ. ಒಂದೆರಡು ಪದಕ್ಕೆ ತಡವರಿಸಿದರೆ ಆ ಹಂತ ಸರಿ. ಐದಕ್ಕಿಂತ ಹೆಚ್ಚಾದರೆ ಕೆಳಗಿನ ಬಣ್ಣ ಕೊಡಿ. ಯಾರು ಯಾವ ಬಣ್ಣ ಎಂಬುದು ನಿಮ್ಮ ನೋಟ್‌ಬುಕ್‌ನಲ್ಲಷ್ಟೇ ಇರಲಿ, ಗೋಡೆಯ ಮೇಲೆ ಬೇಡ. ಐದನೇ ತರಗತಿಯ ಹುಡುಗನಿಗೆ ಕೆಂಪು ಪುಸ್ತಕ ಹಿಡಿಯಲು ನಾಚಿಕೆಯಾಗುತ್ತದೆ. 'ಒಂದನೇ ತರಗತಿಯವರಿಗೆ ಓದಿ ಹೇಳಬೇಕು, ಅಭ್ಯಾಸ ಮಾಡಿಕೋ' ಎಂದು ಕೊಡಿ, ನಿಜವಾಗಿಯೂ ಆ ಮಕ್ಕಳ ಮುಂದೆ ಓದಿಸಿ.

ತರಗತಿಯ ಒಂದು ಗೋಡೆಗೆ ಮಕ್ಕಳ ಎದೆಮಟ್ಟದಲ್ಲಿ ನೈಲಾನ್ ಹಗ್ಗ ಕಟ್ಟಿ. ನಾಲ್ಕು ಅಡಿಗೊಂದು ಮೊಳೆ ಇರಲಿ, ಇಲ್ಲದಿದ್ದರೆ ಹಗ್ಗ ಜೋತು ಪುಸ್ತಕಗಳೆಲ್ಲ ನಡುವಿಗೆ ಜಾರುತ್ತವೆ. ಪಿನ್ ಹೊಡೆದ ತೆಳು ಪುಸ್ತಕಗಳನ್ನು ಮಾತ್ರ, ಮುಖಪುಟ ಕಾಣುವಂತೆ ನೇತುಹಾಕಿ. ಇಪ್ಪತ್ತು ಸಾಕು, ಸೋಮವಾರಕ್ಕೊಮ್ಮೆ ಬದಲಿಸಿ. ಹೆಚ್ಚು ದಿನ ನೇತಾಡಿದರೆ ಪಿನ್ ಹತ್ತಿರ ಹಾಳೆ ಹರಿಯುತ್ತದೆ. ಬಿಸಿಲು ಬೀಳುವ ಗೋಡೆ ಬೇಡ.

ಓದಿಗೆ ದಿನಕ್ಕೆ ಇಪ್ಪತ್ತು ನಿಮಿಷ, ಪ್ರಾರ್ಥನೆ ಮುಗಿದ ಕೂಡಲೇ. ಬಿಸಿಯೂಟದ ನಂತರ ಇಟ್ಟರೆ ತಟ್ಟೆ ತೊಳೆಯುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಮೊದಲ ಎಂಟು ನಿಮಿಷ ನೀವೇ ಓದಿ ಹೇಳಿ. ಹಿಂದಿನ ದಿನವೇ ಕಥೆ ಓದಿಕೊಂಡು, ಎರಡು ಕಡೆ ಮಾತ್ರ ನಿಲ್ಲಿಸಿ 'ಮುಂದೇನಾಗಬಹುದು?' ಎಂದು ಕೇಳಿ. ತೆಲುಗು ಮನೆಮಾತಿನವರು ಹೆಚ್ಚಿದ್ದರೆ ಕಥೆಯ ಸಾರವನ್ನು ಮೊದಲು ತೆಲುಗಿನಲ್ಲೇ ಹೇಳಿ, ನಿಮಗೆ ಬಾರದಿದ್ದರೆ ಒಬ್ಬ ವಿದ್ಯಾರ್ಥಿಯಿಂದ ಹೇಳಿಸಿ. ಕಥೆ ಗೊತ್ತಿದ್ದ ಮಗುವಿಗೆ ಕನ್ನಡದ ಸಾಲು ಊಹೆಗೆ ಸಿಗುತ್ತದೆ. ಉಳಿದ ಹನ್ನೆರಡು ನಿಮಿಷ ಮಕ್ಕಳು ಜೋಡಿಯಾಗಿ ಓದಲಿ. ಆ ಹೊತ್ತಿನಲ್ಲಿ ಹಾಜರಿ, ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ (ವಿದ್ಯಾರ್ಥಿಗಳ ಮಾಹಿತಿ ದಾಖಲಿಸುವ ಆನ್‌ಲೈನ್ ವ್ಯವಸ್ಥೆ) ಎಂಟ್ರಿ ಯಾವುದಕ್ಕೂ ಕೈಹಾಕಬೇಡಿ. ಈ ಅಭ್ಯಾಸ ನಿಂತುಹೋಗುವುದು ಬಹುಮಟ್ಟಿಗೆ ಅಲ್ಲೇ. ಕಥೆಯ ಮೇಲೆ ಪರೀಕ್ಷೆ, ಸಾರಾಂಶ ಬರೆಸುವುದೂ ಬೇಡ.

ಪ್ರಶ್ನೆ: ಪುಸ್ತಕ ಕೊಟ್ಟರೆ ಹರಿಯುತ್ತವೆ, ಕಳೆಯುತ್ತವೆ, ಆಡಿಟ್‌ನಲ್ಲಿ ನಾವೇ ಉತ್ತರ ಕೊಡಬೇಕು ಎಂದು ಹೆಡ್‌ಮಾಸ್ಟರು ಹೆದರುತ್ತಾರೆ. ಏನು ಮಾಡುವುದು?
– ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಜಗಳೂರು ತಾಲ್ಲೂಕು

ಉತ್ತರ: ಆ ಹೆದರಿಕೆಗೆ ಕಾರಣವಿದೆ, ಅದನ್ನು ಎಸ್‌ಡಿಎಂಸಿ ಹಂಚಿಕೊಳ್ಳಬೇಕು. ದಾಸ್ತಾನು ರಿಜಿಸ್ಟರ್ ಹೆಡ್‌ಮಾಸ್ಟರ ಬಳಿ ಇರಲಿ. ಕೊಟ್ಟು ತೆಗೆದುಕೊಂಡದ್ದನ್ನು ಬರೆಯುವ ನೋಟ್‌ಬುಕ್ ಬೇರೆಯದು, ಅದನ್ನು ಏಳನೇ ತರಗತಿಯ ಇಬ್ಬರು ನೋಡಿಕೊಳ್ಳಲಿ: ಪುಸ್ತಕದ ನಂಬರ್, ಹೆಸರು, ಕೊಟ್ಟ ದಿನ, ಬಂದ ದಿನ, ಇಷ್ಟೇ ಕಾಲಂ. ಶನಿವಾರ ಕೊಡುವುದು, ಮುಂದಿನ ಶುಕ್ರವಾರ ವಾಪಸ್. ವರ್ಷಕ್ಕೆರಡು ಬಾರಿ ಎಣಿಸಿ, ಕಳೆದದ್ದು, ಹರಿದದ್ದನ್ನು ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಬರೆದು ಸಹಿ ಹಾಕಿ. ಮುಂದಿನದನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸೂಚನೆಯಂತೆ ಮಾಡಿ. ದಂಡ ಹಾಕಬೇಡಿ. ಕೂಲಿಗೆ ಹೋಗುವವರ ಮನೆಯಲ್ಲಿ ಮೂವತ್ತು ರೂಪಾಯಿ ದಂಡವೆಂದರೆ 'ಇನ್ನು ಪುಸ್ತಕ ತರಬೇಡ' ಎಂದೇ ಅರ್ಥ.

ರಿಪೇರಿಗೆ ಸೆಲ್ಲೋಟೇಪ್ ಬೇಡ. ಕೆಲವೇ ವರ್ಷಗಳಲ್ಲಿ ಹಳದಿಯಾಗಿ, ಅಂಟು ಜಿನುಗಿ, ಪಕ್ಕದ ಪುಟಕ್ಕೂ ಹತ್ತುತ್ತದೆ. ಮೈದಾ ಅಂಟಿಗೆ ಜಿರಳೆ ಬರುತ್ತವೆ. ಸ್ವಲ್ಪ ನೀರು ಬೆರೆಸಿದ ಫೆವಿಕಾಲ್, ತೆಳು ಬಿಳಿ ಕಾಗದದ ಪಟ್ಟಿ ಸಾಕು. ಪಿನ್ ತುಕ್ಕು ಹಿಡಿದಿದ್ದರೆ ಕಿತ್ತು, ಮಡಿಕೆಯ ಮೇಲೆ ಮೂರು ತೂತು ಮಾಡಿ ಹೊಲಿಯಿರಿ. ಸೂಜಿ ಒಳಗಿನಿಂದ ನಡುತೂತಿನಲ್ಲಿ ಹೊರಬರಲಿ, ಮೇಲಿನ ತೂತಿನಲ್ಲಿ ಒಳಹೋಗಲಿ, ನಡುತೂತು ಬಿಟ್ಟು ಕೆಳಗಿನದರಲ್ಲಿ ಹೊರಬಂದು, ಮತ್ತೆ ನಡುತೂತಿನಲ್ಲಿ ಒಳಹೋಗಲಿ. ಒಳಗಿನ ಉದ್ದನೆಯ ದಾರ ಎರಡು ತುದಿಗಳ ನಡುವೆ ಬರುವಂತೆ ಗಂಟು ಹಾಕಿ. ಆರನೇ ತರಗತಿಯ ಮಕ್ಕಳು ಇದನ್ನು ಚೆನ್ನಾಗಿ ಮಾಡುತ್ತಾರೆ.

ಪ್ರಶ್ನೆ: ಏಳನೇ ತರಗತಿಯ ಮಗ ಕಾಮಿಕ್ಸ್ ಬಿಟ್ಟು ಬೇರೇನೂ ಓದುವುದಿಲ್ಲ. ತಡೆಯಬೇಕೆ?
– ಪೋಷಕರು, ದಾವಣಗೆರೆ

ಉತ್ತರ: ಬೇಡ. ಅದೂ ಓದೇ. ತಿಂಗಳಿಗೊಮ್ಮೆ ಸಾರ್ವಜನಿಕ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ, ಆಯ್ಕೆ ಅವನದೇ ಇರಲಿ.

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಓದು ನಿಂತುಹೋಗುತ್ತದೆ. ಪರಿಹಾರವಿದೆಯೇ?
– ಶಿಕ್ಷಕರು, ಹೊಳಲ್ಕೆರೆ

ಉತ್ತರ: ರಜೆಗೆ ಮುಂಚಿನ ವಾರ ಪ್ರತಿ ಮಗುವಿಗೆ ಮೂರು ಪುಸ್ತಕ ಕೊಟ್ಟು ಕಳಿಸಿ: ಎರಡು ಸುಲಭದ್ದು, ಒಂದು ಸ್ವಲ್ಪ ಕಷ್ಟದ್ದು. ಒಂದೇ ಓಣಿಯ ನಾಲ್ಕೈದು ಮಕ್ಕಳಿಗೆ ಬೇರೆಬೇರೆ ಪುಸ್ತಕ ಹೋದರೆ ಅವರೇ ಬದಲಾಯಿಸಿಕೊಳ್ಳುತ್ತಾರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ನವೆಂಬರ್ 14ರಂದು ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಮಾರ್ಚ್‌ನಲ್ಲೇ ಇಡೀ ತರಗತಿಯನ್ನು ಅಲ್ಲಿಗೆ ಕರೆದೊಯ್ದು ಸದಸ್ಯತ್ವ ಮಾಡಿಸಿ, ಮೇಲ್ವಿಚಾರಕರ ಪರಿಚಯ ಮಾಡಿಸಿ, ಬಾಗಿಲು ತೆರೆಯುವ ಹೊತ್ತನ್ನು ಮಕ್ಕಳಿಂದಲೇ ಬರೆಸಿಕೊಳ್ಳಿ.